ಮುಖಪುಟದ ಎರಡು ಹೆಸರುಗಳು

ರೈಲಿನ ಮೋಹವನ್ನು ಬರವಣಿಗೆಯ ವಸ್ತುವಾಗಿಸಿದವರಲ್ಲಿ ಅಮೆರಿಕೆಯ ಲೂಷಿಯಸ್ ಬೀಬ್ ಪ್ರಮುಖರು. 1902ರಲ್ಲಿ ಜನಿಸಿದ ಈ ಪತ್ರಕರ್ತರಿಗೆ 1940ರ ಸುಮಾರಿನಲ್ಲಿ ಛಾಯಾಗ್ರಾಹಕ ಚಾರ್ಲ್ಸ್ ಕ್ಲೆಗ್ ಅವರ ಪರಿಚಯವಾಯಿತು. ಮುಂದೆ 1966ರಲ್ಲಿ ಬೀಬ್ ತೀರಿಕೊಳ್ಳುವವರೆಗೂ ಅವರಿಬ್ಬರು ಬಾಳಸಂಗಾತಿಗಳು.

1947ರ ಅವರ ‘ಮಿಕ್ಸೆಡ್ ಟ್ರೇನ್ ಡೈಲಿ’ ಪ್ರಯಾಣಿಕರನ್ನೂ ಸರಕನ್ನೂ ಒಂದೇ ಗಾಡಿಯಲ್ಲಿ ಒಯ್ಯುತ್ತಿದ್ದ ಕಿರುಮಾರ್ಗಗಳ ಕಥನ. ಉಗಿಯಂತ್ರವು ಡೀಸೆಲ್ಲಿಗೆ ಎಡೆಗೊಡುತ್ತಿದ್ದ ಆ ಕಾಲವು ಇಬ್ಬರ ಚಿತ್ರಗಳಲ್ಲಿ ಉಳಿದಿದೆ. ನೆವಾಡದ ವರ್ಜೀನಿಯಾ ಸಿಟಿಯಲ್ಲಿ ನೆಲೆಸಿದ ಅವರು, ಹಿಂದೆ ಮಾರ್ಕ್ ಟ್ವೇನ್ ದುಡಿದಿದ್ದ ‘ಟೆರಿಟೋರಿಯಲ್ ಎಂಟರ್‌ಪ್ರೈಸ್’ ಪತ್ರಿಕೆಗೆ 1952ರಲ್ಲಿ ಮರುಜೀವ ನೀಡಿದರು. ತಮ್ಮದೇ ಬೋಗಿಯಲ್ಲಿ ದೇಶ ಸುತ್ತಿದರು. ಆ ‘ಗೋಲ್ಡ್ ಕೋಸ್ಟ್’ ಬೋಗಿ ಇಂದು ಸ್ಯಾಕ್ರಮೆಂಟೊದ ರೈಲು ವಸ್ತುಸಂಗ್ರಹಾಲಯದಲ್ಲಿದೆ.

ಗಂಡಸರಿಬ್ಬರ ದೇಹಸಂಬಂಧವು ನೆವಾಡದ ಕಾನೂನಿನಲ್ಲಿ 1993ರವರೆಗೂ ಅಪರಾಧವಾಗಿತ್ತು. ಹಾಗಿದ್ದೂ ಅವರು ತಮ್ಮ ಜೊತೆಬಾಳನ್ನು ಮರೆಮಾಚಲಿಲ್ಲ. ಲೇಖಕರ ಖಾಸಗಿ ಬದುಕನ್ನು ನಾವು ಸಾಮಾನ್ಯವಾಗಿ ಪತ್ರಗಳಲ್ಲಿ, ದಿನಚರಿಗಳಲ್ಲಿ ಅರಸುತ್ತೇವೆ. ಇವರದು ಪುಸ್ತಕದ ಮುಖಪುಟದಲ್ಲಿಯೇ ಅಚ್ಚಾಗಿದೆ: ಬೀಬ್ ಮತ್ತು ಕ್ಲೆಗ್. ಆ ‘ಮತ್ತು’ ಎಂಬುದನ್ನು ಬರಿಯ ಸಹಲೇಖನವೆಂದು ಓದಿದರೆ, ಆ ಪುಸ್ತಕಗಳು ಹುಟ್ಟಿದ ಮನೆಯನ್ನೇ ನಾವು ಕಾಣದೆ ಹೋದಂತೆ ಎಂದು ನನ್ನ ಎಣಿಕೆ.