ಸುಖೋಮಾಜ್ರಿ: ಗುಡ್ಡವನ್ನು ಕಾಯ್ದ ಹಳ್ಳಿ

ಗುಡ್ಡದ ಮೇಲೆ ಹುಲ್ಲಿದ್ದರೆ ಕೆಳಗಿನ ಹೊಲದಲ್ಲಿ ಕಾಳು ಎಂಬುದು ನಮ್ಮ ಹಿರಿಯರಿಗೆ ತಿಳಿದ ಮಾತೇ. ಆದರೆ ಆ ಹುಲ್ಲನ್ನು ಕಾಯುವವರು ಯಾರು, ಕಾಯ್ದವರಿಗೆ ಸಿಗುವುದೇನು ಎಂಬ ಪ್ರಶ್ನೆಗೆ ಅನೇಕ ಊರುಗಳಲ್ಲಿ ಉತ್ತರವಿಲ್ಲ. ಉತ್ತರ ಭಾರತದ ಒಂದು ಪುಟ್ಟ ಬೆಟ್ಟದೂರು ಈ ಪ್ರಶ್ನೆಗೆ ತನ್ನದೇ ಉತ್ತರ ಕಂಡುಕೊಂಡಿತು. ಅದರ ಹೆಸರು ಸುಖೋಮಾಜ್ರಿ.

ಊರಿನ ನೆಲೆ

ಹಿಮಾಲಯದ ಹೊರ ಅಂಚಿನಲ್ಲಿ, ಬಯಲು ಸೀಮೆಗೆ ತಾಗಿದಂತೆ, ಶಿವಾಲಿಕ ಎಂಬ ಗುಡ್ಡಸಾಲು ಹಬ್ಬಿದೆ. ಹಿಮಾಲಯದ ಸಾಲುಗಳಲ್ಲೆಲ್ಲ ಇದು ತೀರ ಕಿರಿಯದು. ಇಲ್ಲಿನ ಕಲ್ಲು ನಮ್ಮ ಕಡೆಯ ಕರಿಕಲ್ಲಿನಂತೆ ಗಟ್ಟಿಯಲ್ಲ. ಮರಳುಗಲ್ಲು, ಜೇಡಿ ಮತ್ತು ಉರುಟು ಕಲ್ಲುಗಳು ಸಡಿಲವಾಗಿ ಸೇರಿ ಆದ ನೆಲ. ಮೇಲಿನ ಹಸಿರು ಹೊದಿಕೆ ಹೋಯಿತೆಂದರೆ ಒಂದೇ ಮಳೆಗೆ ಕೊರಕಲು ಬೀಳುತ್ತದೆ.

ಹರಿಯಾಣ ರಾಜ್ಯದ ಈಗಿನ ಪಂಚಕುಲ ಜಿಲ್ಲೆಯಲ್ಲಿ, ಕಾಲ್ಕಾ–ಪಿಂಜೋರ್ ಕಡೆಯ ಈ ಗುಡ್ಡಗಳ ಬುಡದಲ್ಲಿ ಸುಖೋಮಾಜ್ರಿ ಇದೆ. ವರ್ಷಕ್ಕೆ ಸುಮಾರು 1,100 ಮಿಲಿಮೀಟರ್ ಮಳೆ. ಅಂಕಿ ನೋಡಿದರೆ ಕೊರತೆಯೇನಿಲ್ಲ. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು, ಗುಡ್ಡದಿಂದ ಇಳಿದು, ಹರಿದುಹೋಗುತ್ತಿತ್ತು. ಅಂತರ್ಜಲ ಬಹು ಆಳದಲ್ಲಿದ್ದುದರಿಂದ ಬಾವಿಯ ಆಸರೆಯೂ ಇರಲಿಲ್ಲ. ಮುಂಗಾರಿನಲ್ಲಿ ಮುಸುಕಿನ ಜೋಳ, ಚಳಿಗಾಲದಲ್ಲಿ ಗೋಧಿ ಮತ್ತು ಕಡಲೆ. ಎಲ್ಲವೂ ಮಳೆಯನ್ನೇ ನೆಚ್ಚಿದ ಬೆಳೆ.

1975ರ ಸುಮಾರಿಗೆ ಇಲ್ಲಿ ಇದ್ದದ್ದು 60ರಷ್ಟು ಮನೆ, 450ರಷ್ಟು ಜನ. ಹೆಚ್ಚಿನವರು ದನಕರು ಸಾಕುವ ಗುಜ್ಜರರು. ಜಮೀನು ಒಂದು ಕುಟುಂಬಕ್ಕೆ ಸರಾಸರಿ ಒಂದು ಹೆಕ್ಟೇರಿಗಿಂತ ಕಡಿಮೆ. ಬೆಳೆ ಕೈಕೊಟ್ಟಾಗ ಆಡು–ದನಗಳೇ ಗತಿ, ಅವುಗಳಿಗೆ ಸರ್ಕಾರಿ ಅರಣ್ಯದ ಗುಡ್ಡವೇ ಮೇವು.

ಗುಡ್ಡ ಬೋಳಾದ ಕಥೆ

ಶಿವಾಲಿಕದ ಸವಕಳಿ ಹೊಸದೇನಲ್ಲ. ಮಳೆಗಾಲದಲ್ಲಿ ಮಾತ್ರ ಹರಿದು ಮರಳು ತಂದು ಹೊಲಗಳ ಮೇಲೆ ಹರಡುವ ಹಳ್ಳಗಳಿಗೆ ಅಲ್ಲಿ ‘ಚೋ’ ಎನ್ನುತ್ತಾರೆ. ಇವುಗಳ ಹಾವಳಿ ಎಷ್ಟಿತ್ತೆಂದರೆ ಬ್ರಿಟಿಷ್ ಸರ್ಕಾರ 1900ರಲ್ಲಿಯೇ ಪಂಜಾಬಿನಲ್ಲಿ ಭೂ ಸಂರಕ್ಷಣೆಗೆಂದು ಕಾನೂನು ಮಾಡಿ, ಗುಡ್ಡಗಳಲ್ಲಿ ಮೇಯಿಸುವುದಕ್ಕೂ ಕಡಿಯುವುದಕ್ಕೂ ತಡೆ ಹಾಕಿತು. ಕಾನೂನು ಬಂತು, ಮೇಯುವ ಬಾಯಿಗಳು ನಿಲ್ಲಲಿಲ್ಲ. ಹೊಟ್ಟೆಗೆ ಬೇರೆ ದಾರಿ ತೋರಿಸದೆ ಹಾಕಿದ ತಡೆ ಕಾಗದದ ಮೇಲೆಯೇ ಉಳಿಯಿತು.

ಈ ಊರಿನ ಕಷ್ಟ ಹೊರಗಿನವರ ಗಮನಕ್ಕೆ ಬಂದದ್ದು ಒಂದು ಕೆರೆಯಿಂದ. ಚಂಡೀಗಢ ನಗರ ಕಟ್ಟಿದಾಗ, 1958ರಲ್ಲಿ, ಸುಖ್ನಾ ಎಂಬ ಚೋ ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ಸುಖ್ನಾ ಸರೋವರ ಮಾಡಿದರು. ಹದಿನೈದು–ಹದಿನಾರು ವರ್ಷಗಳಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹೂಳಿನಿಂದ ತುಂಬಿತು. ಹೂಳು ತೆಗೆದಷ್ಟೂ ಮತ್ತೆ ಬಂದು ಕೂರುತ್ತಿತ್ತು. ಅದರ ಮೂಲ ಹುಡುಕಿ ಹೊರಟವರು ಕೇಂದ್ರ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನ ಸಂಸ್ಥೆಯ ಚಂಡೀಗಢ ಕೇಂದ್ರದ ವಿಜ್ಞಾನಿಗಳು. ಮುಖ್ಯಸ್ಥರು ಶ್ರೀ ಪಿ. ಆರ್. ಮಿಶ್ರಾ. ಇದೇ ಸಂಸ್ಥೆಯ ಒಂದು ಕೇಂದ್ರ 1954ರಿಂದ ನಮ್ಮ ಬಳ್ಳಾರಿಯಲ್ಲಿಯೂ ಕೆಲಸ ಮಾಡುತ್ತಿರುವುದು ನಮ್ಮ ಅನೇಕ ರೈತರಿಗೆ ಗೊತ್ತು.

ಹೂಳಿನ ಬಹುಪಾಲು ಬರುತ್ತಿದ್ದುದು ಜಲಾನಯನದ ಒಂದು ಸಣ್ಣ ಭಾಗದಿಂದ, ಸುಖೋಮಾಜ್ರಿಯ ಸುತ್ತಿನ ಬೋಳು ಗುಡ್ಡಗಳಿಂದ ಎಂದು ಅವರು ಕಂಡುಕೊಂಡರು. ಕೊರಕಲುಗಳಿಗೆ ಕಲ್ಲಿನ ತಡೆ ಕಟ್ಟಿದರು, ಇಳಿಜಾರಿನಲ್ಲಿ ಸಮಪಾತಳಿ ಕಂದಕ ತೋಡಿದರು, ಗಿಡ ನೆಟ್ಟರು. ಆದರೆ ನೆಟ್ಟ ಗಿಡವನ್ನು ಊರಿನ ಆಡು ತಿನ್ನುತ್ತಿತ್ತು. ನಗರದ ಕೆರೆ ಉಳಿಯಲೆಂದು ಹಳ್ಳಿಯವನು ತನ್ನ ಆಡನ್ನು ಏಕೆ ಕಟ್ಟಿಹಾಕಬೇಕು? ಅವನ ಈ ಪ್ರಶ್ನೆ ನ್ಯಾಯವಾದದ್ದೇ.

ಗೋಧಿ ಉಳಿದ ವರ್ಷ

1976ರಲ್ಲಿ ಊರಿನ ಹೊಲಗಳತ್ತ ಬೆಳೆಯುತ್ತಿದ್ದ ಒಂದು ದೊಡ್ಡ ಕೊರಕಲನ್ನು ತಡೆಯಲು ಮಣ್ಣಿನ ಒಡ್ಡು ಹಾಕಿದರು. ಉದ್ದೇಶ ಕೊರಕಲನ್ನು ನಿಲ್ಲಿಸುವುದೇ ಹೊರತು ನೀರಾವರಿಯಲ್ಲ. ಒಡ್ಡಿನ ಹಿಂದೆ ಮಳೆನೀರು ನಿಂತಿತು. 1977ರಲ್ಲಿ ಚಳಿಗಾಲದ ಮಳೆ ಬಾರದೆ ಗೋಧಿ ಪೈರು ಬಾಡತೊಡಗಿತು. ಊರವರು ಆ ನೀರನ್ನು ಕೇಳಿ ಹೊಲಕ್ಕೆ ಹಾಯಿಸಿಕೊಂಡರು. ಬೆಳೆ ಉಳಿಯಿತು.

ಅಂದು ಊರಿಗೆ ಹೊಸ ಲೆಕ್ಕ ಸಿಕ್ಕಿತು. ಗುಡ್ಡ ಬೋಳಾದರೆ ಮಣ್ಣು ಬಂದು ಕಟ್ಟೆ ತುಂಬುತ್ತದೆ, ಕಟ್ಟೆ ತುಂಬಿದರೆ ಗೋಧಿಗೆ ನೀರಿಲ್ಲ. ಗುಡ್ಡ ಕಾಯುವುದು ಚಂಡೀಗಢದ ಕೆಲಸವಾಗಿ ಉಳಿಯದೆ ಊರಿನ ಕೆಲಸವಾಯಿತು. ಮುಂದೆ 1978ರಿಂದ 1985ರೊಳಗೆ ಇನ್ನೂ ಮೂರು ಒಡ್ಡುಗಳು ಆದವು. ನೀರು ನೆಲದಡಿಯ ಕೊಳವೆಗಳಲ್ಲಿ ಹೊಲಗಳಿಗೆ ಇಳಿಯಿತು.

ಜಮೀನಿಲ್ಲದವರಿಗೂ ಪಾಲು

ಆದರೆ ಆರಂಭದಲ್ಲಿ ನೀರು ಸಿಕ್ಕಿದ್ದು ಕಟ್ಟೆಯ ಕೆಳಗೆ ಜಮೀನಿದ್ದ ಕೆಲವರಿಗೆ ಮಾತ್ರ. ಉಳಿದವರ ಆಡು–ದನ ಗುಡ್ಡಕ್ಕೆ ಹೋಗುವುದು ನಿಲ್ಲಲಿಲ್ಲ. ನಾಲ್ಕು ಜನಕ್ಕೆ ನೀರು, ನಲವತ್ತು ಜನಕ್ಕೆ ಕಾವಲು ಎಂದರೆ ಯಾರು ಒಪ್ಪುತ್ತಾರೆ?

ಹಳ್ಳಿಯವರೂ ವಿಜ್ಞಾನಿಗಳೂ ಕೂಡಿ ಮಾತಾಡಿ ಒಂದು ಕಟ್ಟಳೆ ಮಾಡಿದರು: ಕಟ್ಟೆಯ ನೀರಿನಲ್ಲಿ ಊರಿನ ಪ್ರತಿ ಮನೆಗೂ ಸಮಪಾಲು, ಜಮೀನು ಇರಲಿ, ಇಲ್ಲದಿರಲಿ. ಜಮೀನಿಲ್ಲದವರು ತಮ್ಮ ಪಾಲನ್ನು ಬೇರೆಯವರಿಗೆ ಮಾರಬಹುದು, ಅಥವಾ ಅದರ ಬಲದ ಮೇಲೆ ಪಾಲಿಗೆ ಹೊಲ ಮಾಡಬಹುದು. ಇದಕ್ಕೆ ಬದಲಾಗಿ ಗುಡ್ಡದಲ್ಲಿ ಬಿಟ್ಟು ಮೇಯಿಸುವಂತಿಲ್ಲ. ಮುಳ್ಳುತಂತಿ ಹಾಕಲಿಲ್ಲ, ಕಾವಲುಗಾರನನ್ನು ನೇಮಿಸಲಿಲ್ಲ. ಊರಿನ ಒಪ್ಪಂದವೇ ಬೇಲಿ. ತಜ್ಞರು ಇದನ್ನು ‘ಸಾಮಾಜಿಕ ಬೇಲಿ’ ಎಂದು ಕರೆದರು. ನೀರು, ಹುಲ್ಲಿನ ಲೆಕ್ಕ ನೋಡಲು ಗುಡ್ಡ ಸಂಪನ್ಮೂಲ ನಿರ್ವಹಣಾ ಸಂಘ ರಚನೆಯಾಯಿತು.

ಗುಡ್ಡ ಕೊಟ್ಟ ಪ್ರತಿಫಲ

ಮೇಯಿಸುವುದು ನಿಂತ ಮೇಲೆ ಗುಡ್ಡ ತಾನಾಗಿ ಚಿಗುರಿತು. ಹೆಕ್ಟೇರಿಗೆ 1976ರಲ್ಲಿ 40 ಕಿಲೋದಷ್ಟಿದ್ದ ಹುಲ್ಲು 1992ರ ವೇಳೆಗೆ ಮೂರು ಟನ್ನಿಗೆ ಏರಿತು. ಹೆಕ್ಟೇರಿಗೆ 13 ಮರಗಳಿದ್ದಲ್ಲಿ 1,272 ಆದವು. ಇವುಗಳಲ್ಲಿ ಖೈರ್, ಅಂದರೆ ನಮ್ಮಲ್ಲಿ ಕಗ್ಗಲಿ ಅಥವಾ ಕಾಚು ಎನ್ನುವ ಮರ, ಮುಖ್ಯವಾದದ್ದು. ಮೇವನ್ನು ಕೊಯ್ದು ತಂದು ಕೊಟ್ಟಿಗೆಯಲ್ಲಿ ಹಾಕುವ ರೂಢಿ ಬಂತು. ಆಡುಗಳು ಬೆರಳೆಣಿಕೆಗೆ ಇಳಿದು, ಎಮ್ಮೆಗಳು ಹೆಚ್ಚಿ, ಹಾಲು ಮಾರಾಟ ವರಮಾನವಾಯಿತು.

ಇನ್ನೊಂದು ಆದಾಯ ಭಾಬರ್ ಹುಲ್ಲಿನದು. ಹಗ್ಗ ಹೊಸೆಯಲೂ ಕಾಗದ ತಯಾರಿಸಲೂ ಬಳಸುವ ಈ ಹುಲ್ಲನ್ನು ಮೊದಲು ಗುತ್ತಿಗೆದಾರರು ಹರಾಜಿನಲ್ಲಿ ಹಿಡಿಯುತ್ತಿದ್ದರು. ಅರಣ್ಯ ಇಲಾಖೆ ಅದನ್ನು ಸಂಘಕ್ಕೇ ವಹಿಸಿಕೊಟ್ಟಿತು. ಗುಡ್ಡದ ದುಡ್ಡು ಊರಿಗೆ ಬಂತು. ಹಾಳುಬಿದ್ದ ಗುಡ್ಡವನ್ನು ಹಸಿರು ಮಾಡಿ ಗಳಿಸಿದ ಹಣಕ್ಕೆ ಆದಾಯ ತೆರಿಗೆ ಕಟ್ಟಬೇಕಾಗಿ ಬಂದ ಮೊದಲ ಹಳ್ಳಿ ಎಂದೂ ಸುಖೋಮಾಜ್ರಿ ಹೆಸರಾಯಿತು!

ಹತ್ತಿರದ ನಾಡಾ, ಬುಂಗಾ ಹಳ್ಳಿಗಳೂ ಇದೇ ದಾರಿ ಹಿಡಿದವು. 1990ರಲ್ಲಿ ಕೇಂದ್ರ ಸರ್ಕಾರ ಜನರ ಜೊತೆಗೂಡಿ ಅರಣ್ಯ ನಿರ್ವಹಿಸುವ ನೀತಿ ಹೊರಡಿಸಿದಾಗ ಇಂಥ ಹಳ್ಳಿಗಳ ಅನುಭವ ಅದರ ಹಿಂದಿತ್ತು. ಕರ್ನಾಟಕದಲ್ಲಿ 1993ರ ಆದೇಶದಿಂದ ಗ್ರಾಮ ಅರಣ್ಯ ಸಮಿತಿಗಳು ಬಂದುದು ಇದೇ ಹಾದಿಯಲ್ಲಿ.

ಬೇಲಿ ಸಡಿಲವಾದಾಗ

ಕಥೆಯನ್ನು ಇಲ್ಲಿಗೇ ಮುಗಿಸಿದರೆ ಅರ್ಧ ಹೇಳಿದಂತಾದೀತು. 1990ರ ದಶಕದ ಕೊನೆಯ ಹೊತ್ತಿಗೆ ಭಾಬರ್ ಹುಲ್ಲಿಗೆ ಕಾಗದ ಕಾರ್ಖಾನೆಗಳ ಬೇಡಿಕೆ ಕುಗ್ಗಿತು. ಹುಲ್ಲಿನ ಆದಾಯದಲ್ಲಿ ಊರಿಗೆಷ್ಟು, ಸರ್ಕಾರಕ್ಕೆಷ್ಟು ಎಂಬ ಜಗ್ಗಾಟವೂ ಸೇರಿತು. ಕಟ್ಟೆಗಳಲ್ಲಿ ಹೂಳು ಕೂತಿತು. ತೆಗೆಸಲು ಸಂಘದ ಕೈಯಲ್ಲಿ ಹಣ ಸಾಲದು. ವರಮಾನ ಕುಂದಿದಂತೆ ಸಭೆಗೆ ಬರುವವರೂ ಕಡಿಮೆಯಾದರು. ಒಡ್ಡು ಕಟ್ಟಿದಷ್ಟೇ ಶ್ರಮ ಅದನ್ನು ಉಳಿಸಿಕೊಳ್ಳಲೂ ಬೇಕು ಎಂಬುದನ್ನು ಸುಖೋಮಾಜ್ರಿ ಎರಡನೆಯ ಬಾರಿ ಕಲಿಸಿತು.

ನಮ್ಮ ಊರಿಗೆ ಅನ್ವಯ

ನಮ್ಮ ಗುಡ್ಡಗಳ ಕಲ್ಲು ಬೇರೆ, ಮಳೆ ಬೇರೆ, ಹುಲ್ಲಿನ ಜಾತಿಯೂ ಬೇರೆ. ಆದರೆ ಗೋಮಾಳ, ಕೆರೆಯಂಗಳ, ಊರ ಮೇಲಿನ ಬೋಳುಗುಡ್ಡ ನಮ್ಮಲ್ಲೂ ಇವೆ. ಜಲಾನಯನ ಕೆಲಸ ಊರಿಗೆ ಬಂದಾಗ ರೈತ ಬಾಂಧವರು ಈ ಅಂಶಗಳನ್ನು ಮೊದಲೇ ಕೂತು ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು.

1. ಕೆರೆಗೆ ಹೂಳು ಬರುತ್ತಿರುವುದು ಯಾವ ಇಳಿಜಾರಿನಿಂದ? ಮೊದಲ ಕೆಲಸ ಅಲ್ಲಿಂದ.

2. ಗುಡ್ಡ ಮುಚ್ಚಿದರೆ ನಷ್ಟ ಯಾರಿಗೆ? ಕುರಿ–ಆಡು ಸಾಕುವವರಿಗೂ ಜಮೀನಿಲ್ಲದವರಿಗೂ ಬದಲಿಗೆ ಏನು ಸಿಗುತ್ತದೆ?

3. ನೀರು, ಹುಲ್ಲು, ಸೌದೆಯ ಪಾಲಿನ ಕಟ್ಟಳೆ ಬರಹದಲ್ಲಿದೆಯೇ?

4. ಹೂಳು ತೆಗೆಯಲು, ಒಡ್ಡು ರಿಪೇರಿಗೆ ಪ್ರತಿ ವರ್ಷ ಇಷ್ಟು ಎಂದು ಹಣ ತೆಗೆದಿಡಲಾಗುತ್ತಿದೆಯೇ?

ಮಣ್ಣಿನ ಒಡ್ಡನ್ನು ಇಲಾಖೆ ಕಟ್ಟಿಕೊಡಬಹುದು. ಗುಡ್ಡದ ಸುತ್ತಲಿನ ಬೇಲಿಯನ್ನು ಮಾತ್ರ ಊರೇ ಕಟ್ಟಬೇಕು. ಎಲ್ಲ ಮನೆಗೂ ಪಾಲಿದ್ದಷ್ಟು ದಿನ ಆ ಬೇಲಿ ನಿಲ್ಲುತ್ತದೆ.