ಹುಲಿಯಿಲ್ಲದ ನಾಡಿನಲ್ಲಿ ಹುಲಿಯ ಹೆಸರು

ಕಂಡ ಹುಲಿಗಿಂತ ಕಾಣದ ಗುಮ್ಮನ ಭಯವೇ ಹೆಚ್ಚೆಂಬುದು ಮಕ್ಕಳನ್ನು ಸಾಕಿದವರೆಲ್ಲರ ಅನುಭವ. ಹುಲಿಯೇ ಗುಮ್ಮನಾದ ವೃತ್ತಾಂತವೊಂದನ್ನು ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ. ಇದು ನಡೆದದ್ದು ಫಿಲಿಪೀನ್ಸ್ ದ್ವೀಪಗಳಲ್ಲಿ. ಇದರ ಕಥಾನಾಯಕ ಹುಲಿಯಲ್ಲ, ಹುಲಿಯ ಹೆಸರು.

ಲುಜಾನ್ ದ್ವೀಪದ ಮನಿಲಾ ನಗರದಲ್ಲಿಯೂ ಅದರ ಸುತ್ತಣ ಸೀಮೆಯಲ್ಲಿಯೂ ಜನರಾಡುವ ನುಡಿಗೆ ತಗಾಲೊಗ್ ಎಂದು ಹೆಸರು. ಅದರಲ್ಲಿ ‘ಹಲಿಮಾವ್’ ಎಂಬುದೊಂದು ಮಾತುಂಟು. ಇಂದು ಅದಕ್ಕೆ ವಿಕಾರರೂಪದ ಘೋರಪ್ರಾಣಿ, ರಾಕ್ಷಸ ಎಂದರ್ಥ. ಆದರೆ ಅದರ ಹಿಂದಿನ ಅರ್ಥ ಹುಲಿ ಅಥವಾ ಸಿಂಹ. ಮಲಯ ಭಾಷೆಯಲ್ಲಿ ಹುಲಿಗೆ ಇಂದಿಗೂ ‘ಹರಿಮಾವ್’ ಎನ್ನುತ್ತಾರೆ. ತಗಾಲೊಗ್ ಮಾತು ಅಲ್ಲಿಂದಲೇ ಬಂದುದೆಂಬುದು ಪಂಡಿತರ ಅಭಿಪ್ರಾಯ.

ರಕಾರವು ಲಕಾರವಾದುದು ಹೇಗೆಂದು ಕೇಳಬಹುದು. ಈ ಮಾರ್ಪಾಟು ಇದೊಂದೇ ಮಾತಿನಲ್ಲಿ ನಡೆದುದಲ್ಲ. ಮಲಯದಲ್ಲಿ ಕೋಣಕ್ಕೆ ‘ಕೆರ್ಬಾವ್’, ತಗಾಲೊಗಿನಲ್ಲಿ ‘ಕಲಬಾವ್’. ಸಂಸ್ಕೃತದಲ್ಲಿ ಬೆಲೆಯೆಂಬ ಅರ್ಥದ ‘ಅರ್ಘ’ ಶಬ್ದವು ಮಲಯದಲ್ಲಿ ‘ಹರ್ಗ’ ಎಂದಾಗಿ, ತಗಾಲೊಗಿಗೆ ಬಂದು ‘ಹಲಗಾ’ ಆಯಿತು. ‘ಅನರ್ಘ್ಯ ರತ್ನ’ವೆನ್ನುವ ನಮಗೆ ಈ ‘ಹಲಗಾ’ ದೂರದ ನಂಟನೇ ಸರಿ. ನಮ್ಮ ‘ಗಜ’ವೂ ಇದೇ ಮಾರ್ಗವಾಗಿ ಹೋಗಿ, ಮಲಯದಲ್ಲಿ ‘ಗಜಾ’, ತಗಾಲೊಗಿನಲ್ಲಿ ‘ಗಾದ್ಯ’ ಎನಿಸಿಕೊಂಡಿತು.

ಈ ಮಾತುಗಳನ್ನು ಹೊತ್ತು ತಂದದ್ದು ಕಡಲ ವ್ಯಾಪಾರ. ಆ ಸಮುದ್ರಗಳಲ್ಲೆಲ್ಲ ಮಲಯವೇ ವ್ಯವಹಾರದ ಭಾಷೆಯಾಗಿತ್ತು. ೧೫೨೧ರಲ್ಲಿ ಮೆಗೆಲನ್ ಫಿಲಿಪೀನ್ಸನ್ನು ಮುಟ್ಟಿದಾಗ ಅವನ ಸೇವಕ ಎನ್ರಿಕೆ ಮಲಯದಲ್ಲಿ ಮಾತನಾಡಲು, ಅಲ್ಲಿನ ಅರಸನಿಗೆ ಅದು ತಿಳಿಯಿತೆಂದು ಸಹಯಾತ್ರಿಕ ಪಿಗಫೆಟ್ಟ ಬರೆದಿಟ್ಟಿದ್ದಾನೆ. ಅದೇ ವರ್ಷ ಬ್ರುನೈ ಪಟ್ಟಣದಲ್ಲಿ ಇವರನ್ನು ಆನೆಗಳ ಮೇಲೆ ಕೂಡಿಸಿ ರಾಜದರ್ಶನಕ್ಕೆ ಕರೆದೊಯ್ದರು. ಪ್ರಾಣಿ ಕಡಲಾಚೆಯ ನೆರೆನಾಡಿನಲ್ಲಿಯೇ ಉಳಿದರೂ ಅದರ ಹೆಸರು ಹಡಗು ಹತ್ತಿ ಬರಲು ಅಡ್ಡಿಯಿರಲಿಲ್ಲ.

ಫಿಲಿಪೀನ್ಸಿನಲ್ಲಿ ಹುಲಿ ಎಂದೂ ಇರಲಿಲ್ಲವೇ? ಪಲವಾನ್ ದ್ವೀಪದ ಇಲ್ಲೆ ಎಂಬ ಗುಹೆಯಲ್ಲಿ ಹುಲಿಯ ಎಲುಬುಗಳು ದೊರೆತಿರುವುದನ್ನು ವಿದ್ವಾಂಸರು ೨೦೦೮ರಲ್ಲಿ ಪ್ರಕಟಿಸಿದರು. ‘ಹಲಿಮಾವ್’ ಆ ಹುಲಿಯ ನೆನಪೆಂದು ಹೇಳಿಬಿಡಲು ನಾಲಗೆ ತುರಿಸುವುದು ಸಹಜ. ಆದರೆ ಆ ಎಲುಬುಗಳು ಸುಮಾರು ೧೦,೦೦೦ ವರ್ಷ ಹಿಂದಿನವು; ತಗಾಲೊಗಿನ ಮೂಲಭಾಷೆಯಾದರೋ ಈ ದ್ವೀಪಗಳಿಗೆ ಬಂದು ಸುಮಾರು ೪,೦೦೦ ವರ್ಷಗಳಾಗಿವೆ. ಮೇಲಾಗಿ ಮಾತಿನ ರೂಪವೇ ಅದು ಎರವಲೆಂದು ಸಾರುತ್ತಿದೆ. ಶಬ್ದದ ಚರಿತ್ರೆಯನ್ನು ಅರಸುವವನು ಸೊಗಸಾದ ಕಥೆಗೆ ಮರುಳಾಗಿ ಸಾಕ್ಷ್ಯವನ್ನು ಮರೆಯಬಾರದು.

೧೫೬೫ರಿಂದ ೧೮೯೮ರವರೆಗೆ ನಡೆದ ಸ್ಪೇನಿನವರ ಆಳಿಕೆಯಲ್ಲಿ ಹುಲಿಗೆ ‘ತಿಗ್ರೆ’ ಎಂದೂ ಆನೆಗೆ ‘ಎಲೆಪಾಂತೆ’ ಎಂದೂ ಹೊಸ ಹೆಸರುಗಳು ನೆಲೆಗೊಂಡವು. ‘ಗಾದ್ಯ’ಕ್ಕೆ ಬೇರೆ ಕೆಲಸವಿಲ್ಲದ್ದರಿಂದ ಅದು ತಗಾಲೊಗರ ಆಡುಮಾತಿನಿಂದ ಮರೆಯಾಗಿ ನಿಘಂಟನ್ನು ಸೇರಿತು. ‘ಹಲಿಮಾವ್’ ಹಾಗಾಗಲಿಲ್ಲ. ಹುಲಿಯನ್ನು ಕಣ್ಣಾರೆ ಕಾಣದವರಿಗೆ ಅದರಲ್ಲಿ ಕೇಳಿಬರುತ್ತಿದ್ದುದು ಪಟ್ಟೆಯೂ ಅಲ್ಲ, ಬಾಲವೂ ಅಲ್ಲ, ಕೇವಲ ಭಯ. ಪ್ರಾಣಿಯ ಹೆಸರನ್ನು ‘ತಿಗ್ರೆ’ ಕಿತ್ತುಕೊಂಡಿತು. ಭಯದ ಹೆಸರು ‘ಹಲಿಮಾವಿ’ಗೆ ಉಳಿಯಿತು.

ಇನ್ನೊಂದು ವಿನೋದವಿದೆ. ಆಟದಲ್ಲಿಯೋ ವಿದ್ಯೆಯಲ್ಲಿಯೋ ಅಸಾಧಾರಣ ನೈಪುಣ್ಯವುಳ್ಳವನನ್ನು ಕಂಡು ‘ಇವನೊಬ್ಬ ಹಲಿಮಾವ್’ ಎಂದು ಫಿಲಿಪೀನ್ಸಿನ ತರುಣರು ಇಂದು ಮೆಚ್ಚುಗೆಯಿಂದ ನುಡಿಯುತ್ತಾರೆ. ‘ಗಣಿತದಲ್ಲಿ ಅವನು ಹುಲಿ’ ಎಂದು ನಾವು ಹೇಳುವುದಿಲ್ಲವೇ? ಭೇದವಿಷ್ಟೆ: ಹಾಗೆನ್ನುವ ನಮಗೆ ನಿಜವಾದ ಹುಲಿ ತಿಳಿದಿದೆ, ಅವರಿಗೆ ತಮ್ಮ ಮಾತಿನೊಳಗೆ ಹುಲಿ ಅಡಗಿರುವುದೇ ಮರೆತುಹೋಗಿದೆ.

ನಾಗರಹೊಳೆ, ಬಂಡೀಪುರಗಳ ಕಾಡಿನಲ್ಲಿ ಹುಲಿ ಇನ್ನೂ ಸಂಚರಿಸುತ್ತಿರುವುದರಿಂದ ನಮ್ಮ ‘ಹುಲಿ’ಗೆ ಮೈಯೂ ಇದೆ, ಹೆಜ್ಜೆಯೂ ಇದೆ. ಕಾಡು ಬರಿದಾದರೂ ಶಬ್ದವೇನೋ ಉಳಿದೀತು. ಆದರೆ ನಮ್ಮ ಮೊಮ್ಮಕ್ಕಳ ಪಾಲಿಗೆ ಅದು ಮತ್ತೊಂದು ಗುಮ್ಮನ ಹೆಸರಾಗಿ ಮಾತ್ರ ಉಳಿದೀತು.