ದಿನ ತುಂಬದ ಕೂಸಿನ ಉಸಿರು ಮತ್ತು ಕೇಳಿಸದ ಧ್ವನಿ

ಧ್ವನಿಯ ಸಹಾಯದಿಂದ ದೇಹದ ಒಳಭಾಗವನ್ನು ನೋಡುವ ವಿದ್ಯೆ ಈಗ ಹಳ್ಳಿಯವರಿಗೂ ಹೊಸತಲ್ಲ. ಗರ್ಭಿಣಿಯರಿಗೆ ಮಾಡಿಸುವ ‘ಸ್ಕ್ಯಾನಿಂಗ್’ ಎಂಬ ಮಾತು ನಮ್ಮ ಅಡಿಗೆಮನೆಯವರೆಗೂ ಬಂದಿದೆ. ಆದರೆ ಈ ವಿದ್ಯೆಗೆ ಬಹುಕಾಲ ನಿಲುಕದೆ ಉಳಿದಿದ್ದ ಅವಯವವೊಂದಿತ್ತು, ಅದೇ ಶ್ವಾಸಕೋಶ. ಗಾಳಿ ತುಂಬಿದ ಜಾಗದಲ್ಲಿ ಈ ಧ್ವನಿ ಮುಂದೆ ಸಾಗುವುದಿಲ್ಲವಾದ್ದರಿಂದ ಅಲ್ಲಿ ನೋಡುವಂಥದು ಏನೂ ಇಲ್ಲವೆಂದು ವೈದ್ಯರು ಸುಮ್ಮನಿದ್ದರು. ಈಗ ಅದೇ ಶ್ವಾಸಕೋಶವನ್ನು, ಅದರಲ್ಲಿಯೂ ಅಂಗೈಯಷ್ಟು ಎದೆಯ ದಿನ ತುಂಬದ ಕೂಸಿನ ಶ್ವಾಸಕೋಶವನ್ನು, ಅಲ್ಟ್ರಾಸೌಂಡಿನಿಂದ ಹೇಗೆ ಪರೀಕ್ಷಿಸುತ್ತಾರೆಂಬುದನ್ನು ತಿಳಿದ ಮಟ್ಟಿಗೆ ಹೇಳಲು ಹೊರಟಿದ್ದೇನೆ. ವಿಜ್ಞಾನವನ್ನು ಹೈಸ್ಕೂಲಿನಲ್ಲಿಯೇ ಬಿಟ್ಟು ಅರ್ಥಶಾಸ್ತ್ರಕ್ಕೆ ಬಂದವನ ಬರಹವಿದೆಂಬುದನ್ನು ಅಧ್ಯಾಪಕರು ದಯವಿಟ್ಟು ನೆನಪಿನಲ್ಲಿಡಬೇಕು.

ಗರ್ಭದಲ್ಲಿರುವಾಗ ಶಿಶುವಿನ ಶ್ವಾಸಕೋಶದಲ್ಲಿ ಗಾಳಿಯಿಲ್ಲ, ನೀರಿದೆ. ಹುಟ್ಟಿದ ಗಳಿಗೆಯಲ್ಲಿ ನೀರು ಹೋಗಿ ಗಾಳಿ ಬರಬೇಕು. ಒಳಗೆ ಲಕ್ಷಾಂತರ ಸಣ್ಣ ವಾಯುಕೋಶಗಳು. ಅವುಗಳ ಗೋಡೆಯೆಲ್ಲ ತೇವ. ನೀರಿನ ಮೇಲ್ಮೈಗೆ ಒಂದು ಬಗೆಯ ಬಿಗಿತವಿರುವುದರಿಂದ ತೇವವಾದ ಗುಳ್ಳೆ ತಾನಾಗಿಯೇ ಕುಗ್ಗಿ ಮುಚ್ಚಿಕೊಳ್ಳಲು ಹವಣಿಸುತ್ತದೆ. ಇದನ್ನು ತಡೆಯಲು ಶ್ವಾಸಕೋಶವು ಸಾಬೂನಿನ ಗುಣದ ಜಿಡ್ಡು ಪದಾರ್ಥವೊಂದನ್ನು ತಯಾರಿಸಿಕೊಳ್ಳುತ್ತದೆ. ಅದರ ಹೆಸರು ಸರ್ಫ್ಯಾಕ್ಟೆಂಟ್. ಅದು ಸಾಕಷ್ಟು ಒದಗುವುದು ಗರ್ಭದ 34–35ನೆಯ ವಾರದ ಹೊತ್ತಿಗೆ. ಜಾತ್ರೆಯಲ್ಲಿ ಕೊಂಡ ಹೊಸ ಬಲೂನನ್ನು ಮೊದಲ ಸಲ ಊದುವಾಗ ಕೆನ್ನೆ ನೋಯುತ್ತದೆ, ಎರಡನೆಯ ಸಲ ಸುಲಭ. ಸರ್ಫ್ಯಾಕ್ಟೆಂಟ್ ಇಲ್ಲದ ಕೂಸಿಗೆ ಪ್ರತಿಯೊಂದು ಉಸಿರೂ ಮೊದಲ ಸಲದ ಊದುವಿಕೆಯೇ. ಏಳು ತಿಂಗಳ ಕೂಸು ಬದುಕುತ್ತದೆ, ಎಂಟರದು ಉಳಿಯದು ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಶ್ವಾಸಕೋಶದ ಲೆಕ್ಕ ಇದಕ್ಕೆ ತದ್ವಿರುದ್ಧ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಅದಕ್ಕೆ ಲಾಭವೇ.

1963ರ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರಿಗೆ ದಿನ ತುಂಬುವ ಐದೂವರೆ ವಾರ ಮೊದಲೇ ಗಂಡುಮಗು ಹುಟ್ಟಿತು. ಬಾಸ್ಟನ್ನಿನ ದೊಡ್ಡ ದೊಡ್ಡ ವೈದ್ಯರಿದ್ದರೂ ಅದು ಎರಡು ದಿನದೊಳಗೆ ಇದೇ ರೋಗದಿಂದ ತೀರಿಕೊಂಡಿತು. ರೋಗದ ಮೂಲ ಸರ್ಫ್ಯಾಕ್ಟೆಂಟಿನ ಕೊರತೆಯೆಂದು ಮೇರಿ ಎಲೆನ್ ಏವರಿ ಮತ್ತು ಜೀರ್ ಮೀಡ್ ಎಂಬವರು 1959ರಲ್ಲಿಯೇ ತೋರಿಸಿಕೊಟ್ಟಿದ್ದರು, ಆದರೆ ಔಷಧವಿರಲಿಲ್ಲ. ಜಪಾನಿನ ಫುಜಿವಾರ ಎಂಬ ವೈದ್ಯರು ಹಸುವಿನ ಶ್ವಾಸಕೋಶದಿಂದ ತೆಗೆದು ಸಿದ್ಧಪಡಿಸಿದ ಸರ್ಫ್ಯಾಕ್ಟೆಂಟನ್ನು ಹತ್ತು ಕೂಸುಗಳ ಉಸಿರುನಾಳಕ್ಕೆ ಹಾಕಿ, ಗುಣ ಕಂಡದ್ದನ್ನು 1980ರಲ್ಲಿ ಪ್ರಕಟಿಸಿದರು.

ಔಷಧವೇನೋ ಬಂತು. ಅದನ್ನು ಯಾವ ಕೂಸಿಗೆ, ಎಷ್ಟು ಬೇಗ ಕೊಡಬೇಕೆಂಬುದು ಈಗಿನ ಪ್ರಶ್ನೆ. ಮೂಗಿನ ಹೊಳ್ಳೆ ಅರಳಿಸಿ, ಪಕ್ಕೆ ಒಳಕ್ಕೆ ಸೆಳೆದು, ನರಳುತ್ತ ಉಸಿರಾಡುವ ಕೂಸುಗಳೆಲ್ಲಕ್ಕೂ ಇದೇ ರೋಗವೆಂದು ಹೇಳಲಾಗದು. ಕೆಲವಕ್ಕೆ ಗರ್ಭದ ನೀರು ಪೂರ್ತಿ ಇಂಗದೆ ಉಳಿದಿರುತ್ತದೆ. ಹೆರಿಗೆಯ ನೋವು ಬರುವ ಮೊದಲೇ ಶಸ್ತ್ರಕ್ರಿಯೆ ಮಾಡಿ ತೆಗೆದ ಮಕ್ಕಳಲ್ಲಿ ಇದು ಹೆಚ್ಚು. ಎರಡು ಮೂರು ದಿನ ಆಸರೆ ಕೊಟ್ಟರೆ ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ಒಂದರಲ್ಲಿ ಕಾಯಬೇಕು, ಇನ್ನೊಂದರಲ್ಲಿ ಕಾಯಬಾರದು. ಸರ್ಫ್ಯಾಕ್ಟೆಂಟ್ ದುಬಾರಿ; ಸುಮ್ಮನೆ ಕೊಡುವಂತಿಲ್ಲ. ತಡಮಾಡಿದರೆ ಫಲ ಕಡಿಮೆ.

ಈ ವಿವೇಚನೆಗೆ ಇಷ್ಟು ದಿನ ಕ್ಷ-ಕಿರಣವೇ ಆಧಾರವಾಗಿತ್ತು. ಒಂದು ಚಿತ್ರದ ಕಿರಣ ಅಲ್ಪವೇ ಸರಿ. ಆದರೆ ಕಿಲೋಗ್ರಾಮು ತೂಗದ ಕೂಸಿಗೆ ಮತ್ತೆ ಮತ್ತೆ ತೆಗೆಯಬೇಕಾಗುತ್ತದೆ, ತೆಗೆಯಲು ಜನ ಬರಬೇಕು, ಕೂಸನ್ನು ಅಲುಗಿಸಬೇಕು.

ಇನ್ನು ಧ್ವನಿಯ ವಿಷಯ. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳಿಸುತ್ತದೆ. ಕೂಸಿನ ಎದೆಗೆ ಬಳಸುವ ಧ್ವನಿ ಸೆಕೆಂಡಿಗೆ ಒಂದು ಕೋಟಿ ಕಂಪನಗಳಷ್ಟು, ಇಲ್ಲವೇ ಅದಕ್ಕೂ ಹೆಚ್ಚಿನದು. ಇಂಥ ಧ್ವನಿ ಆಳಕ್ಕೆ ಹೋಗದಿದ್ದರೂ ಸೂಕ್ಷ್ಮವಾಗಿ ತೋರಿಸುತ್ತದೆ. ಕೂಸಿನ ಎದೆಗೋಡೆ ತೆಳ್ಳಗಿರುವುದರಿಂದ ಆಳ ಬೇಕಾಗಿಯೂ ಇಲ್ಲ. ಮಾಂಸದಲ್ಲಿ ಅದು ಸೆಕೆಂಡಿಗೆ ಸುಮಾರು 1540 ಮೀಟರು ವೇಗದಲ್ಲಿ ಸಾಗಿ, ಗಾಳಿಯ ಅಂಚು ಸಿಕ್ಕೊಡನೆ ಬಹುಮಟ್ಟಿಗೆ ಪೂರ್ತಿಯಾಗಿ ಹಿಂದಿರುಗುತ್ತದೆ. ಚರ್ಮಕ್ಕೂ ಉಪಕರಣಕ್ಕೂ ನಡುವೆ ಗಾಳಿಯಿರಬಾರದೆಂದೇ ಅಂಟುಅಂಟಾದ ಜೆಲ್ ಸವರುತ್ತಾರೆ. ಕೂಸಿಗೆ ಥಂಡಿಯಾಗದಂತೆ ಅದನ್ನೂ ಬೆಚ್ಚಗೆ ಮಾಡಬೇಕು.

ವಿಜಾಪುರದ ಗೋಲಗುಮ್ಮಟಕ್ಕೆ ಪ್ರವಾಸ ಹೋದ ಮಿತ್ರರಿಗೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಹಲವು ಸಲ ಮರಳಿ ಕೇಳಿಸುತ್ತದಷ್ಟೆ. ಹಾಗೆಯೇ ಗಾಳಿ ತುಂಬಿದ ಆರೋಗ್ಯವಂತ ಶ್ವಾಸಕೋಶದ ಮೇಲ್ಪೊರೆಗೂ ಉಪಕರಣಕ್ಕೂ ನಡುವೆ ಧ್ವನಿ ಹೋಗಿ ಬಂದು ಮಾಡಿ, ಪರದೆಯ ಮೇಲೆ ಸಮಾನ ಅಂತರದ ಅಡ್ಡಗೆರೆಗಳು ಮೂಡುತ್ತವೆ. ಆ ಗೆರೆಗಳಿರುವ ಜಾಗದಲ್ಲಿ ನಿಜವಾಗಿ ಏನೂ ಇಲ್ಲ. ಅವು ಬರಿಯ ಪ್ರತಿಧ್ವನಿ. ಶ್ವಾಸಕೋಶದಲ್ಲಿ ನೀರು ಸೇರಿದರೆ ಮೇಲ್ಪೊರೆಯಿಂದ ಕೆಳಕ್ಕೆ, ಬ್ಯಾಟರಿಯ ಬೆಳಕು ಬಿಟ್ಟಂತೆ, ಉದ್ದಗೆರೆಗಳು ಇಳಿಯುತ್ತವೆ. ಇವೂ ಚಿತ್ರವಲ್ಲ, ಭ್ರಮೆಯೇ. ಈ ಸುಳ್ಳುಗೆರೆಗಳಿಗೂ ಅರ್ಥವಿದೆಯೆಂದು 1990ರ ದಶಕದಿಂದ ಪಟ್ಟು ಹಿಡಿದು ತೋರಿಸಿದವರು ಫ್ರಾನ್ಸಿನ ಡೇನಿಯಲ್ ಲಿಖ್ಟೆನ್‌ಸ್ಟೈನ್. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಕಾಣುವುದಿಲ್ಲವೆಂದು ಬಿಟ್ಟದ್ದನ್ನು, ಕಾಣದಿರುವ ಬಗೆಯಿಂದಲೇ ಗುರುತಿಸುವುದು!

ಕೂಸುಗಳ ಮಟ್ಟಿಗೆ ಹೇಳುವುದಾದರೆ, ಇಟಲಿಯ ಕೊಪೆಟ್ಟಿ ಮತ್ತು ಕಟ್ಟರೊಸ್ಸಿ ಎಂಬವರ ಕೆಲಸ ಮುಖ್ಯವಾದುದು. ಸರ್ಫ್ಯಾಕ್ಟೆಂಟಿನ ಕೊರತೆಯಲ್ಲಿ ಉದ್ದಗೆರೆಗಳು ಒಂದರೊಳಗೊಂದು ಕೂಡಿ ಎರಡು ಕಡೆಯೂ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ, ಮೇಲ್ಪೊರೆಯ ಗೆರೆ ದಪ್ಪಗಾಗಿ ಒರಟಾಗುತ್ತದೆ. ನೀರು ಇಂಗದ ಕೂಸಿನಲ್ಲಿಯಾದರೋ ಅನೇಕ ವೇಳೆ ಕೆಳಭಾಗ ಬಿಳುಪಾಗಿ, ಮೇಲ್ಭಾಗ ತಿಳಿಯಾಗಿ, ನಡುವೆ ಗಡಿ ಹಾಕಿದಂತೆ ಕಾಣುತ್ತದೆಂದು ಅವರು 2007ರಲ್ಲಿ ಬರೆದರು. ಎದೆಯ ಆರು ಭಾಗಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟು 18ಕ್ಕೆ ಕೂಡಿಸುವ ಪದ್ಧತಿಯೊಂದನ್ನು 2015ರಲ್ಲಿ ಫ್ರಾನ್ಸಿನ ವೈದ್ಯರು ಪ್ರಕಟಿಸಿದರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದರೆ ಕೆಡುಕು ಎಂಬುದು ಇಲ್ಲಿ ಮಾತ್ರ! ಅಂಕ ಏರಿದಷ್ಟೂ ಸರ್ಫ್ಯಾಕ್ಟೆಂಟ್ ಬೇಕಾಗುವ ಸಂಭವ ಹೆಚ್ಚು.

ಹೋದ ವರ್ಷ ನನ್ನ ಅಕ್ಕನಿಗೆ 35ನೆಯ ವಾರದಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾಯಿತು. ಕೂಸು ಬುಸುಬುಸು ಉಸಿರಾಡುತ್ತಿತ್ತು. ವೈದ್ಯೆಯೊಬ್ಬರು ಗಾಜಿನ ಪೆಟ್ಟಿಗೆಯೊಳಗೆ ಕೈಯಿಟ್ಟು ಬೆರಳುಗಾತ್ರದ ಉಪಕರಣವನ್ನು ಎದೆಯ ಮೇಲೆ ಆಡಿಸಿ, “ಇದು ನೀರಮ್ಮಾ, ಇಳಿಯುತ್ತೆ. ಆರು ಗಂಟೆ ಬಿಟ್ಟು ಇನ್ನೊಂದು ಸಲ ನೋಡ್ತೀನಿ” ಎಂದರು. ನಮ್ಮ ತಾಯಿ ಆಗಲೇ ಬಳೆ ಒತ್ತೆಯಿಡುವ ಮಾತನಾಡುತ್ತಿದ್ದರು, ಅದು ಬೇಕಾಗಲಿಲ್ಲ. ಮೂರನೆಯ ದಿನ ಆಮ್ಲಜನಕದ ಕೊಳವೆ ತೆಗೆದರು.

ಇದು ಸರ್ವಶಕ್ತವಾದ ಸಾಧನವೇನಲ್ಲ. ಗಾಳಿಯ ಹಿಂದೆ ಆಳದಲ್ಲಿರುವ ದೋಷ ಇದಕ್ಕೆ ಕಾಣದು. ಎಳೆಯ ಕಣ್ಣಿಗೂ ಪಳಗಿದ ಕಣ್ಣಿಗೂ ಒಂದೇ ಪರದೆ ಬೇರೆ ಬೇರೆ ಕಾಣಿಸಬಹುದು. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಹೆಣ್ಣುಭ್ರೂಣಗಳ ಹತ್ಯೆಗೆ ಈ ಯಂತ್ರವೇ ದಾರಿ ಮಾಡಿಕೊಟ್ಟದ್ದರಿಂದ, ಲಿಂಗ ಪತ್ತೆಯನ್ನು ತಡೆಯುವ 1994ರ ಕಾನೂನಿನ ಕೆಳಗೆ ಯಂತ್ರವಿಡುವ ಆಸ್ಪತ್ರೆ ನೋಂದಾಯಿಸಿಕೊಳ್ಳಬೇಕು. ಅದನ್ನು ಮನಬಂದಲ್ಲಿಗೆ ಒಯ್ಯುವಂತಿಲ್ಲ. ಕಾನೂನು ಬೇಕೇ ಬೇಕು. ಆದರೂ 2020ರಲ್ಲಿ ನಮ್ಮ ದೇಶದಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳು ಸುಮಾರು 30 ಲಕ್ಷವೆಂದು ಅಂದಾಜು. ಜಿಲ್ಲಾ ಆಸ್ಪತ್ರೆಗಳ ನವಜಾತ ಶಿಶುಗಳ ವಾರ್ಡಿಗೇ ನೋಂದಾಯಿತ ಯಂತ್ರವೊಂದು ಪ್ರತ್ಯೇಕವಾಗಿರಬೇಕು, ರಾತ್ರಿಪಾಳಿಯ ವೈದ್ಯರಿಗೂ ಅದರ ಅಭ್ಯಾಸವಾಗಬೇಕು ಎಂಬುದು ನನ್ನ ಅಭಿಪ್ರಾಯ. ಉಸಿರು ಕಟ್ಟುವ ಕೂಸು ಬೆಳಗಿನವರೆಗೆ ಕಾದಿರುವುದಿಲ್ಲ.